ಬೆಲ್ ಹೊಡೆಯುವ ಮುಂಚೆ, ಹೊಡೆದ ಮೇಲೆ: ಕೊಡಗಿನ ವಿದ್ಯಾರ್ಥಿ ಬದುಕನ್ನು ಫೋಟೊದಲ್ಲಿ ಹಿಡಿಯುವ ಬಗೆ

ವಿದ್ಯಾರ್ಥಿಗಳ ಫೋಟೊ ಎಂದ ಕೂಡಲೇ ವೇದಿಕೆ, ಬಹುಮಾನ, ಸಾಲಾಗಿ ನಿಂತ ಗುಂಪು ನೆನಪಾಗುತ್ತವೆ. ಅವೂ ಬೇಕು. ಆದರೆ ಮಡಿಕೇರಿಯಲ್ಲಿ ತೆಗೆದರೂ ಲಂಡನ್ನಿನಲ್ಲಿ ತೆಗೆದರೂ ಅಂಥ ಚಿತ್ರಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಓದುವ ಮಕ್ಕಳ ನಿಜವಾದ ದಿನ ಕಾಣುವುದು ಬೆಲ್ಲಿಗೆ ಹತ್ತು ನಿಮಿಷ ಮುಂಚೆ ಮತ್ತು ಬೆಲ್ ಹೊಡೆದ ಹತ್ತು ನಿಮಿಷದೊಳಗೆ: ಹೋಂವರ್ಕ್ ನೋಡಿ ಬರೆದುಕೊಳ್ಳುವುದು, ಒದ್ದೆ ಕೊಡೆ ಕೊಡವುವುದು, ಬಸ್ಸಿಗೆ ಓಡುವುದು. ಹಾಗಾಗಿ ಕ್ಯಾಮೆರಾ ಹಿಡಿಯುವ ಮೊದಲು ಶಾಲೆಯ ವೇಳಾಪಟ್ಟಿ ಮತ್ತು ಊರಿನ ಬಸ್ ಸಮಯ ಬರೆದಿಟ್ಟುಕೊಳ್ಳಿ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ. ಮೊದಲ ದಿನ ಮಕ್ಕಳೆಲ್ಲ ಕ್ಯಾಮೆರಾವನ್ನೇ ನೋಡುತ್ತಾರೆ. ಆಮೇಲಾಮೇಲೆ ನೀವು ಇರುವುದನ್ನೇ ಮರೆಯುತ್ತಾರೆ. ಒಳ್ಳೆಯ ಚಿತ್ರಗಳು ಸಿಗುವುದು ಆಗ.

ಮೊದಲು ಅನುಮತಿ

ಮುಖ್ಯ ಶಿಕ್ಷಕರಿಗೋ ಪ್ರಾಂಶುಪಾಲರಿಗೋ ಪತ್ರ ಬರೆದು ಕೊಡಿ. ಯಾವ ದಿನ, ಯಾವ ತರಗತಿ, ಯಾಕೆ, ಚಿತ್ರ ಎಲ್ಲಿ ಪ್ರಕಟವಾಗುತ್ತದೆ ಎಂಬ ನಾಲ್ಕೂ ಅದರಲ್ಲಿರಲಿ. 18 ವರ್ಷದೊಳಗಿನವರ ಮುಖ ಗುರುತು ಸಿಗುವಂತಿದ್ದರೆ ಪೋಷಕರ ಒಪ್ಪಿಗೆಯೂ ಬೇಕು. ಶಾಲೆ ಒಪ್ಪಿದರೂ ಮಗು ಬೇಡವೆಂದರೆ ಅಲ್ಲಿಗೆ ಬಿಡಿ. ಪರೀಕ್ಷಾ ಕೊಠಡಿಯೊಳಗೆ ಕ್ಯಾಮೆರಾ ಒಯ್ಯಲೇಬೇಡಿ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಚಿತ್ರ ಬೇಕಿದ್ದರೆ ಕೊನೆಯ ಬೆಲ್ ಆದ ಮೇಲೆ ಗೇಟಿನ ಹೊರಗೆ ನಿಲ್ಲಿ. ಪ್ರಶ್ನೆಪತ್ರಿಕೆ ಹಿಡಿದು ಉತ್ತರ ತಾಳೆ ನೋಡುವ ಗುಂಪು ಸಿಕ್ಕೇ ಸಿಗುತ್ತದೆ. ಕೊರಳಲ್ಲಿ ನೇತಾಡುವ ಐಡಿ ಕಾರ್ಡಿನಲ್ಲಿ ಹೆಸರು, ಫೋನ್ ನಂಬರು ಎರಡೂ ಇರುತ್ತವೆ. ಪ್ರಕಟಿಸುವ ಮುನ್ನ ಅದನ್ನು ಮಸುಕುಗೊಳಿಸಿ, ಮೊಬೈಲಿನಲ್ಲಿ ಲೊಕೇಶನ್ ದಾಖಲಾಗುವುದನ್ನೂ ನಿಲ್ಲಿಸಿ.

ಮಳೆ, ಮಂಜು, ಫಂಗಸ್

ಕೊಡಗಿನಲ್ಲಿ ಶಾಲೆ ಶುರುವಾಗುವುದೂ ಮಳೆ ಹಿಡಿಯುವುದೂ ಒಟ್ಟಿಗೇ. ಮಳೆ ನಿಂತ ಮೇಲೆ ತೆಗೆಯೋಣ ಎಂದು ಕಾದರೆ ಅರ್ಧ ವರ್ಷದ ಬದುಕು ಕೈತಪ್ಪುತ್ತದೆ. ಜುಲೈನಲ್ಲಿ ಮಡಿಕೇರಿ, ಭಾಗಮಂಡಲದ ಕಡೆ ಜಡಿಮಳೆ ಇದ್ದಾಗಲೂ ಪೂರ್ವದ ಕುಶಾಲನಗರದಲ್ಲಿ ಮಳೆ ತುಂಬಾ ಕಡಿಮೆ. ಮೈದಾನದ ಚಿತ್ರಗಳನ್ನು ಆ ಕಡೆಗೆ, ಕೊಡೆ-ರೈನ್‌ಕೋಟಿನ ಚಿತ್ರಗಳನ್ನು ಈ ಕಡೆಗೆ ಇಟ್ಟುಕೊಂಡರೆ ಯಾವ ವಾರವೂ ಖಾಲಿ ಹೋಗುವುದಿಲ್ಲ.

ಕ್ಯಾಮೆರಾಕ್ಕೆ ದಪ್ಪ ಪ್ಲಾಸ್ಟಿಕ್ ಚೀಲ ಸಾಕು. ತಳದಲ್ಲಿ ಲೆನ್ಸ್ ಹೊರಬರುವಷ್ಟು ತೂತು ಮಾಡಿ ಲೆನ್ಸ್ ಹುಡ್‌ನ (ಲೆನ್ಸಿನ ತುದಿಗೆ ಹಾಕುವ ಕೊಳವೆಯಂಥ ಮರೆ) ಸುತ್ತ ರಬ್ಬರ್ ಬ್ಯಾಂಡ್ ಬಿಗಿಯಿರಿ. ಹುಡ್ ಇಲ್ಲದೆ ಮಳೆಗೆ ಇಳಿಯಬೇಡಿ. ಗಾಜಿನ ಮೇಲೆ ಕೂತ ಒಂದು ಹನಿ ಪುಟ್ಟ ಪರದೆಯಲ್ಲಿ ಕಾಣುವುದಿಲ್ಲ. ಮನೆಗೆ ಬಂದು ನೋಡಿದಾಗ ಮುಖದ ಜಾಗವೇ ಕಲಸಿಹೋಗಿರುತ್ತದೆ. ಒಣ ಹತ್ತಿ ಬಟ್ಟೆ ನಾಲ್ಕೈದು ಇರಲಿ, ಒಂದು ಒದ್ದೆಯಾದರೆ ಇನ್ನೊಂದು.

ಮಳೆ ಚಿತ್ರದಲ್ಲಿ ಕಾಣಬೇಕಾದರೆ ಹಿನ್ನೆಲೆ ಕಪ್ಪಗಿರಬೇಕು. ಬಿಳಿ ಆಕಾಶದ ಮುಂದೆ ಎಷ್ಟೇ ಜೋರು ಮಳೆಯೂ ಮಾಯ. ಕಾಫಿ ಗಿಡ, ಸಿಲ್ವರ್ ಓಕ್ ಸಾಲು ಅಥವಾ ಕತ್ತಲ ಜಗಲಿಯನ್ನು ಹಿಂದೆ ಇಟ್ಟುಕೊಳ್ಳಿ, ಬೆಳಕು ಎದುರಿನಿಂದಲೋ ಪಕ್ಕದಿಂದಲೋ ಬರಲಿ. ಶಟರ್, ಅಂದರೆ ಬೆಳಕನ್ನು ಒಳಬಿಡುವ ಪರದೆ, 1/60 ಸೆಕೆಂಡು ತೆರೆದಿದ್ದರೆ ಮಳೆ ಗೆರೆಗಳಾಗಿ ಬೀಳುತ್ತದೆ, 1/500ರಲ್ಲಿ ಬಿಡಿ ಹನಿಗಳಾಗಿ ನಿಲ್ಲುತ್ತದೆ. ನಡೆಯುವ ಮಕ್ಕಳು ಮಸುಕಾಗದೆ ಸ್ಪಷ್ಟವಾಗಿ ಬರಬೇಕಾದರೆ 1/250ಕ್ಕಿಂತ ಕೆಳಗೆ ಇಳಿಯಬೇಡಿ.

ಮಂಜಿನಲ್ಲಿ ಎರಡು ತೊಂದರೆ. ಎಲ್ಲ ಬೆಳ್ಳಗಿರುವುದರಿಂದ ಕ್ಯಾಮೆರಾದೊಳಗಿನ ಬೆಳಕಿನ ಮೀಟರ್ ಮೋಸ ಹೋಗಿ ಚಿತ್ರವನ್ನು ಬೂದುಬಣ್ಣ ಮಾಡುತ್ತದೆ. ಚಿತ್ರದ ಬೆಳಕನ್ನು ಹೆಚ್ಚುಕಡಿಮೆ ಮಾಡುವ ಎಕ್ಸ್‌ಪೋಷರ್ ಕಾಂಪೆನ್ಸೇಶನ್ ಪ್ಲಸ್ 0.7ರಿಂದ 1ರವರೆಗೆ ಏರಿಸಿ. ಇನ್ನೊಂದು, ಫೋಕಸ್ ಹಿಡಿಯಲು ಏನೂ ಸಿಗದೆ ಲೆನ್ಸ್ ಹಿಂದೆಮುಂದೆ ಓಡುತ್ತಿರುತ್ತದೆ. ಒಂದೇ ಫೋಕಸ್ ಬಿಂದು ಆರಿಸಿ, ಅದನ್ನು ಬ್ಯಾಗಿನ ಪಟ್ಟಿ ಅಥವಾ ಕೊಡೆಯ ಅಂಚಿನಂಥ ಗಟ್ಟಿ ಗೆರೆಯ ಮೇಲೆ ಇಡಿ. ಬೆಳಗಿನ ಮಂಜಿಗೆಂದು ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆಯ ತೋಟದ ರಸ್ತೆಗಳಲ್ಲಿ ನಸುಕಿಗೇ ಒಬ್ಬರೇ ಹೋಗಿ ನಿಲ್ಲಬೇಡಿ. ಆನೆ ಓಡಾಡುವ ಜಾಗ. ಬಸ್ ನಿಲ್ದಾಣದಲ್ಲಿ ಜನ ಸೇರಿದ ಮೇಲೆ ಹೋಗಿ.

ಫಂಗಸ್, ಅಂದರೆ ತೇವಕ್ಕೆ ಲೆನ್ಸಿನ ಗಾಜಿನ ಮೇಲೆ ಬೆಳೆಯುವ ಬೂಷ್ಟು, ಇದರ ವಿಷಯದಲ್ಲಿ ಸೋಮಾರಿತನ ಬೇಡವೇ ಬೇಡ. ಚರ್ಮದ ಕೇಸು ತೇವ ಹಿಡಿದಿಡುತ್ತದೆ, ಮಳೆಗಾಲದಲ್ಲಿ ಲೆನ್ಸನ್ನು ಅದರಲ್ಲಿ ಇಡಬಾರದು. ಗಾಳಿಯಾಡದ 10 ಲೀಟರಿನ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ 250 ಗ್ರಾಂ ಸಿಲಿಕಾ ಜೆಲ್, ತೇವಾಂಶ ತೋರಿಸುವ ಚಿಕ್ಕ ಮೀಟರ್ ಇಷ್ಟಿದ್ದರೆ ಆಯಿತು. ಮೀಟರ್ 40ರಿಂದ 50 ಶೇಕಡಾ ತೋರಿಸುತ್ತಿರಲಿ. ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ ನೀರು ಕುಡಿದಿದೆ ಎಂದರ್ಥ. 110-120 ಡಿಗ್ರಿ ಬಿಸಿಯಲ್ಲಿ ಎರಡು ಗಂಟೆ ಇಟ್ಟರೆ ಮತ್ತೆ ಬಳಸಬಹುದು. ಅಕ್ಕಿಯಲ್ಲಿ ಹುಗಿದಿಡುವ ಅಭ್ಯಾಸ ಬಿಡಿ, ಅದರ ಪುಡಿ ಲೆನ್ಸಿನ ರಿಂಗಿನೊಳಗೆ ಸೇರುತ್ತದೆ. ಹೊರಗಿನ ಚಳಿಯಿಂದ ಹಾಸ್ಟೆಲಿನ ಬೆಚ್ಚಗಿನ ಅಡುಗೆಮನೆಗೆ ನೇರ ನುಗ್ಗಿದರೆ ಗಾಜು ಬೆವರುತ್ತದೆ. ಜಿಪ್ ಚೀಲದೊಳಗೆ ಹಾಕಿ ಅರ್ಧ ಗಂಟೆ ಬಿಟ್ಟು ಹೊರತೆಗೆಯಿರಿ.

ತರಗತಿಯೊಳಗೆ

ಫ್ಲ್ಯಾಶ್ ಬೇಡ. ಪಾಠವೂ ಕೆಡುತ್ತದೆ, ಚಿತ್ರವೂ. ಕಿಟಕಿಯ ಗೋಡೆಗೆ ಸಮಾನಾಂತರವಾಗಿ ನಿಂತರೆ ಬೆಳಕು ಮುಖದ ಒಂದು ಪಕ್ಕಕ್ಕೆ ಬಿದ್ದು ಕಣ್ಣು, ಕೈ, ಪುಸ್ತಕ ಎಲ್ಲ ಎದ್ದು ಕಾಣುತ್ತವೆ. ಕಿಟಕಿಯನ್ನೇ ಚೌಕಟ್ಟಿಗೆ ತಂದರೆ ಮಕ್ಕಳು ಕಪ್ಪು ನೆರಳಾಗುತ್ತಾರೆ. 35 ಅಥವಾ 50 ಎಂಎಂ ಲೆನ್ಸ್, ಅಪರ್ಚರ್ (ಲೆನ್ಸಿನ ಬೆಳಕಿನ ಕಂಡಿ) ಎಫ್ 2ರ ಆಸುಪಾಸು, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600ರಿಂದ 3200. ಮೋಡದ ದಿನಕ್ಕೆ ಇಷ್ಟು ಬೇಕೇ ಬೇಕು.

ಟ್ಯೂಬ್‌ಲೈಟ್, ಎಲ್‌ಇಡಿ ದೀಪಗಳ ಕೆಳಗೆ ಚಿತ್ರದಲ್ಲಿ ಅಡ್ಡಪಟ್ಟೆ ಬರುವುದುಂಟು. ನಮ್ಮ ವಿದ್ಯುತ್ 50 ಹರ್ಟ್ಸ್; ಇಂಥ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ 1/50 ಅಥವಾ 1/100 ಇಟ್ಟರೆ ಪಟ್ಟೆ ಹೋಗುತ್ತದೆ. ಸದ್ದಾಗಬಾರದೆಂದು ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಪಟ್ಟೆ ಇನ್ನೂ ಹೆಚ್ಚುತ್ತದೆ. ಮೊಬೈಲಿನಲ್ಲಿ ಇರುವುದು ಅದೊಂದೇ, ಆದ್ದರಿಂದ ಸೆಟ್ಟಿಂಗನ್ನು ನಾವೇ ಹೊಂದಿಸಬಹುದಾದ ‘ಪ್ರೊ’ ಮೋಡ್‌ಗೆ ಹೋಗಿ 1/100 ನೀವೇ ಕೊಡಿ. ಆ ವೇಗಕ್ಕೆ ಕೈಬೀಸು ಅಲುಗುತ್ತದೆ. ಬರೆಯುತ್ತಿರುವ, ಯೋಚಿಸುತ್ತಿರುವ ಕ್ಷಣಕ್ಕೆ ಕಾಯಿರಿ. ಕಿಟಕಿಯ ಬೆಳಕು ಸಾಕಷ್ಟಿದ್ದರೆ ಶಿಕ್ಷಕರನ್ನು ಕೇಳಿ ದೀಪ ಆರಿಸುವುದೇ ಉತ್ತಮ. ಮುಖದ ಒಂದು ಪಕ್ಕ ನೀಲಿ, ಇನ್ನೊಂದು ಪಕ್ಕ ಹಸಿರಾಗುವ ತೊಂದರೆಯೂ ಅದರೊಂದಿಗೇ ತೀರುತ್ತದೆ. ಬೋರ್ಡು ಹೊಳೆಯುತ್ತಿದ್ದರೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿ.

ಬಿಸಿಯೂಟದ ಹೊತ್ತಿಗೆ ಬಡಿಸುವವರ ಪಕ್ಕದಲ್ಲಿ ಮೊಣಕಾಲೂರಿ ಕೂರಿ, ತಟ್ಟೆಯ ಮಟ್ಟಕ್ಕೆ. ಚಳಿಯ ಊರಾದ್ದರಿಂದ ಸಾಂಬಾರಿನ ಹಬೆ ಚೆನ್ನಾಗಿ ಏಳುತ್ತದೆ. ಬಾಗಿಲಿನ ಬೆಳಕು ಹಬೆಯ ಹಿಂದಿನಿಂದ ಬಂದು, ಅದರ ಹಿಂದಿನ ಗೋಡೆ ಕತ್ತಲಾಗಿದ್ದರೆ ಮಾತ್ರ ಅದು ಚಿತ್ರದಲ್ಲಿ ಉಳಿಯುತ್ತದೆ. ಬಾಯಿಗೆ ತುತ್ತು ಇಡುತ್ತಿರುವಾಗ ಯಾರನ್ನೂ ತೆಗೆಯಬೇಡಿ. ಯಾರಿಗೂ ಇಷ್ಟವಾಗುವುದಿಲ್ಲ.

ಪೊನ್ನಂಪೇಟೆಯ ಅರಣ್ಯ ಕಾಲೇಜಿನಂಥ ಕಡೆ ತರಗತಿ ಮರದಡಿಯಲ್ಲೂ ನಡೆಯುತ್ತದೆ. ಮರದ ಸುತ್ತಳತೆಯನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ ಅಳೆಯುವುದು ಪದ್ಧತಿ. ಒಬ್ಬರು ಟೇಪು ಸುತ್ತುವಾಗ ಇನ್ನೊಬ್ಬರು ಆಚೆಯಿಂದ ಕೈ ಚಾಚುತ್ತಾರೆ, ಮೂರನೆಯವರು ಪುಸ್ತಕದಲ್ಲಿ ಬರೆಯುತ್ತಾರೆ. ಫೋಕಸ್ ತೊಗಟೆಯ ಮೇಲೆ ಕೂಡುವ ಆ ಎರಡು ಕೈಗಳ ಮೇಲಿರಲಿ. ಎಲೆಗಳ ಹಸಿರು ಮುಖಕ್ಕೆ ಬಡಿದು ಮೈಬಣ್ಣ ಕೆಡುತ್ತದೆ. ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ದಾಖಲೆ) ತೆಗೆದರೆ ಆಮೇಲೆ ಸರಿಪಡಿಸುವುದು ಸುಲಭ.

ಹಾಕಿ

ಹಾಕಿ ಇಲ್ಲದ ಕೊಡಗಿನ ವಿದ್ಯಾರ್ಥಿ ಬದುಕು ಅಪೂರ್ಣ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವ ಬೇಸಿಗೆ ರಜೆಯ ಸುಮಾರಿಗೆ ನಡೆಯುವುದರಿಂದ ಶಾಲೆಯ ಹುಡುಗ-ಹುಡುಗಿಯರು ಅಜ್ಜ, ಮಾವ, ಚಿಕ್ಕಮ್ಮನ ಜೊತೆ ಒಂದೇ ತಂಡದಲ್ಲಿ ಆಡುವುದನ್ನು ಅಲ್ಲಿ ತೆಗೆಯಬಹುದು. ಉಳಿದ ದಿನಗಳಲ್ಲಿ ಸಂಜೆಯ ಅಭ್ಯಾಸಕ್ಕೆ ಹೋಗಿ.

ಚೆಂಡಿನ ತೂಕ 156ರಿಂದ 163 ಗ್ರಾಂ, ಕಲ್ಲಿನಷ್ಟು ಗಟ್ಟಿ. ಗೋಲ್‌ಪೋಸ್ಟಿನ ಹಿಂದೆ ನಿಲ್ಲಬೇಡಿ. ಗೋಲ್ ಇರುವ ಅಂಚಿನ ಗೆರೆಯಾದ ಬ್ಯಾಕ್‌ಲೈನಿನಿಂದ ನಾಲ್ಕು ಮೀಟರ್ ಹಿಂದೆ, ಮೂಲೆಯ ಬಾವುಟದ ಬಳಿ ಕೂರಿ. ಅಲ್ಲಿಂದ ಗೋಲಿನ ಮುಂದಿನ ಅರೆವೃತ್ತವಾದ ‘ಡಿ’ ಕಡೆಗೆ ಓಡಿಬರುವವರ ಮುಖ ನೇರ ಸಿಗುತ್ತದೆ. ಆಗಲೂ ಕಣ್ಣು ಚೆಂಡಿನ ಮೇಲಿರಲಿ. ಓಟಕ್ಕೆ 1/1000, ಸ್ಟಿಕ್ ಬೀಸುವ ಹೊಡೆತಕ್ಕೆ 1/2000. ಐದು ಗಂಟೆ ಮೇಲೆ ಬೆಳಕು ಇಳಿದಾಗ ಅಷ್ಟು ವೇಗ ಕೂಡುವುದಿಲ್ಲ. ಆಗ 1/60ಕ್ಕೆ ಇಳಿಸಿ, ಓಡುವವರ ಜೊತೆ ಕ್ಯಾಮೆರಾವನ್ನೂ ಸಮವಾಗಿ ತಿರುಗಿಸಿ. ಮುಖ ನಿಂತು ಹಿನ್ನೆಲೆ ಹರಿಯುತ್ತದೆ. ಹತ್ತರಲ್ಲಿ ಒಂದು ಬಂದರೂ ಸಾಕು.

ಪೆನಾಲ್ಟಿ ಕಾರ್ನರ್ ಸಿಕ್ಕಿತೆಂದರೆ ನಿಮಗೂ ಅವಕಾಶ. ಗೋಲ್‌ಕೀಪರ್ ಸೇರಿ ಐವರು ಗೋಲ್‌ಲೈನಿನ ಹಿಂದೆ ಸಾಲಾಗಿ ನಿಲ್ಲುತ್ತಾರೆ. ಚೆಂಡು ಹೊರಬೀಳುವ ಮುಂಚಿನ ಆ ನಾಲ್ಕೈದು ಸೆಕೆಂಡು ಎಲ್ಲರ ಮುಖದಲ್ಲೂ ಆತಂಕ ಕಾಣುತ್ತದೆ. 200 ಎಂಎಂ ಲೆನ್ಸ್ ಇದ್ದರೆ ಚೆಂಡು ಬಿಟ್ಟು ಆ ಸಾಲನ್ನು ತೆಗೆಯಿರಿ. ಪಂದ್ಯ ಮುಗಿದ ಕೂಡಲೇ ಕ್ಯಾಮೆರಾ ಒಳಗಿಡಬೇಡಿ. ಶಿನ್‌ಗಾರ್ಡ್ ಬಿಚ್ಚುವುದು, ಒಂದೇ ಬಾಟಲಿಯ ನೀರು ಸರದಿಯಲ್ಲಿ ಕುಡಿಯುವುದು, ಸೋತವರು ಹುಲ್ಲಿನ ಮೇಲೆ ಕಾಲುಚಾಚಿ ಕೂರುವುದು ಎಲ್ಲ ಆಮೇಲೆಯೇ.

ಹಾಸ್ಟೆಲಿನಲ್ಲಿ ವಾರ್ಡನ್ ಜೊತೆಗಿರಲಿ, ಮಲಗುವ ಕೋಣೆಗಳನ್ನು ಬಿಟ್ಟುಬಿಡಿ. ಜಗಲಿಯೇ ಸಾಕು: ಬಿಚ್ಚಿಟ್ಟ ಕೊಡೆಗಳ ಸಾಲು, ಒಣಗಲೆಂದು ಹಳೇ ಪೇಪರು ತುರುಕಿದ ಶೂಗಳು, ಹಗ್ಗದ ಮೇಲೆ ನಾಲ್ಕು ದಿನವಾದರೂ ಒಣಗದ ಯೂನಿಫಾರ್ಮು.

ಹೊರದೇಶದ ಸ್ಪರ್ಧೆಗೋ ಪ್ರದರ್ಶನಕ್ಕೋ ಕಳಿಸುವಾಗ ಅಡಿಬರಹಕ್ಕೆ ಸಮಯ ಕೊಡಿ. ನಮಗೆ ಗೊತ್ತಿರುವುದು ಅವರಿಗೆ ಗೊತ್ತಿರುವುದಿಲ್ಲ. ‘ಮಳೆಯ ಸೊಬಗು’ ಎಂದರೆ ಏನೂ ಹೇಳಿದಂತಾಗುವುದಿಲ್ಲ. ‘ಪೊನ್ನಂಪೇಟೆ, ಕೊಡಗು, ಜುಲೈ: ಮರುದಿನದ ತರಗತಿಗೆ ಶೂ ಒಣಗಿಸಿಕೊಳ್ಳುತ್ತಿರುವ ಹಾಸ್ಟೆಲ್ ವಿದ್ಯಾರ್ಥಿಗಳು’ ಎಂದರೆ ಊರು, ಕಾಲ, ಕೆಲಸ ಮೂರೂ ಬಂದವು. ಶಾಲಾ ಮಕ್ಕಳ ಹೆಸರು ಬರೆಯಬೇಡಿ. ಮೂಲ ಫೈಲುಗಳನ್ನು ಅದೇ ರಾತ್ರಿ ಎರಡು ಬೇರೆ ಹಾರ್ಡ್‌ಡಿಸ್ಕಿಗೆ ಹಾಕಿ, ಆಮೇಲೆ ಕಾರ್ಡ್ ಅಳಿಸಿ. ತೆಗೆದ ಚಿತ್ರಗಳಲ್ಲಿ ಹತ್ತಿಪ್ಪತ್ತನ್ನು 4x6 ಅಳತೆಯಲ್ಲಿ ಪ್ರಿಂಟ್ ಹಾಕಿಸಿ ಶಾಲೆಗೆ ಕೊಡಿ. ಒಪ್ಪಿಗೆ ಕೊಟ್ಟ ಮಕ್ಕಳಿಗೆ ಅದು ಸಲ್ಲಬೇಕಾದದ್ದು.