‘ಕಾಗೆ’ ‘ತಾದೆ’ ಆದಾಗ: ಮಗುವಿನ ಉಚ್ಚಾರ ಪರೀಕ್ಷಿಸುವ ಬಗೆ

ಮೊದಲು ಕಿವಿ. ಶ್ರವಣ ಪರೀಕ್ಷೆ ಆಗದೆ ಉಚ್ಚಾರದ ಬಗ್ಗೆ ಏನೂ ತೀರ್ಮಾನಿಸಬೇಡಿ. ನೆಗಡಿಯ ನಂತರ ಮಧ್ಯಕಿವಿಯಲ್ಲಿ ದ್ರವ ನಿಂತಿದ್ದರೂ ಮಗುವಿಗೆ ಧ್ವನಿಗಳು ಮಸುಕಾಗಿ ಕೇಳಿಸುತ್ತವೆ. ಆಮೇಲೆ ಟಾರ್ಚ್ ಹಿಡಿದು ಅಂಗುಳ, ಹಲ್ಲು, ನಾಲಿಗೆಯ ಚಲನೆ ನೋಡಿ.

ಈಗ ಚಿತ್ರ ತೋರಿಸಿ ಹೆಸರು ಹೇಳಿಸಿ. ನೀವೇ ಮೊದಲು ಹೇಳಿಕೊಟ್ಟರೆ ಮಗು ಅನುಕರಿಸುತ್ತದೆ, ತಪ್ಪು ಅಡಗಿಹೋಗುತ್ತದೆ. ಪ್ರತಿ ವ್ಯಂಜನವನ್ನೂ ಪದದ ಮೊದಲಲ್ಲಿ, ನಡುವಿನಲ್ಲಿ ಪರೀಕ್ಷಿಸಬೇಕು. ಳ, ಣ ನಡುವೆ ಮಾತ್ರ ಸಾಕು (ಬಳೆ, ಕಣ್ಣು). ಅಚ್ಚಕನ್ನಡದ ಪದಗಳು ಅವುಗಳಿಂದ ಶುರುವಾಗುವುದಿಲ್ಲ. ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದುಕೊಳ್ಳಿ. ‘ಕಾಗೆ’ ‘ತಾದೆ’ ಆದರೆ ಅವು ಎರಡು ಬಿಡಿ ತಪ್ಪುಗಳಲ್ಲ: ಗಂಟಲ ಕಡೆಯ ಧ್ವನಿಗಳು ಹಲ್ಲಿನ ಬಳಿಗೆ ಜಾರಿವೆ. ‘ಗಡಿಯಾರ’, ‘ಚಾಕು’ ಹೇಳಿಸಿ ಖಚಿತಪಡಿಸಿಕೊಳ್ಳಿ.

ಆಟವಾಡಿಸುತ್ತಾ ಹತ್ತು ನಿಮಿಷದ ಮಾತು ರೆಕಾರ್ಡ್ ಮಾಡಿ, ಸರಿಯಾದ ವ್ಯಂಜನಗಳ ಶೇಕಡಾವಾರು ಲೆಕ್ಕ ಹಾಕಿ. ಅನುಮಾನವಿದ್ದರೆ ತಪ್ಪೆಂದೇ ಎಣಿಸಿ. 200ರಲ್ಲಿ 124 ಸರಿಯಿದ್ದರೆ 62. ಮಾತಿನ ದೋಷಗಳ ಸಂಶೋಧಕರಾದ ಶ್ರೈಬರ್ಗ್ ಮತ್ತು ಕ್ವಿಯಾಟ್‌ಕೋವ್‌ಸ್ಕಿ 1982ರಲ್ಲಿ ಕೊಟ್ಟ ಅಳತೆಯಲ್ಲಿ 50ರಿಂದ 65 ಅಂದರೆ ಮಧ್ಯಮದಿಂದ ತೀವ್ರ ಮಟ್ಟದ ದೋಷ. ಅದು ಇಂಗ್ಲಿಷ್ ಮಕ್ಕಳಿಂದ ಬಂದ ಅಳತೆ, ಕನ್ನಡಕ್ಕೆ ಬರೀ ಅಂದಾಜು.

ಹೆಚ್ಚಿನವರು ಎಡವುವುದು ‘ಹಾಲು’ ‘ಆಲು’ ಆದದ್ದನ್ನು ತಪ್ಪೆಂದು ಎಣಿಸುವುದರಲ್ಲಿ. ಮನೆಯವರೆಲ್ಲ ಹಾಗೇ ಆಡುತ್ತಿದ್ದರೆ ಅದು ಆಡುನುಡಿ, ದೋಷವಲ್ಲ. ತಾಯಿಯನ್ನೂ ಮಾತಾಡಿಸಿ ನೋಡಿ.

ಕೊನೆಗೆ, ತಪ್ಪಿದ ಧ್ವನಿಯನ್ನು ‘ನನ್ನ ಬಾಯಿ ನೋಡು ಪುಟ್ಟ’ ಎಂದು ಹೇಳಿಸಿ. ಅನುಕರಿಸಿದಾಗ ಬಂದದ್ದನ್ನೂ ಬಾರದ್ದನ್ನೂ ಬೇರೆ ಬೇರೆ ಗುರುತಿಸಿ. ಚಿಕಿತ್ಸೆಯ ಗುರಿ ಆರಿಸುವಾಗ ಆ ಪಟ್ಟಿ ಬೇಕಾಗುತ್ತದೆ.