ಸಿಗರೇಟು ಬಿಟ್ಟ ಮೇಲಿನ ಆ ಐದಾರು ನಿಮಿಷ

ನಾನು 14 ವರ್ಷ ಸಿಗರೇಟು ಸೇದಿದವನು. ದಿನಕ್ಕೆ 15 ಆದರೂ ಬೇಕಿತ್ತು. ಮೂರು ಸಲ ಬಿಟ್ಟು, ಮೂರು ಸಲವೂ ಮತ್ತೆ ಹಿಡಿದೆ. ಬಿಡುವ ದಿನ ಎಲ್ಲರಿಗೂ ಹುರುಪು ಇರುತ್ತದೆ. ಕಷ್ಟ ಶುರುವಾಗುವುದು ಅದು ಇಳಿದ ಮೇಲೆ, ಅಲ್ವಾ?

ನಾಲ್ಕನೇ ಸಲ ಒಂದು ಹೊಸ ಕೆಲಸ ಮಾಡಿದೆ. ಸೇದಬೇಕು ಅನ್ನಿಸಿದಾಗಲೆಲ್ಲ ಫೋನಿನಲ್ಲಿ ಸ್ಟಾಪ್‌ವಾಚ್ ಒತ್ತಿದೆ. ಮೊದಲನೆಯದು ಬೆಳಗ್ಗೆ ಹಲ್ಲುಜ್ಜಿ ಕೂತಾಗಲೇ ಬಂತು. ಬಾಯಿ ಒಣಗಿತು. ಬಲಗೈ ತನ್ನಷ್ಟಕ್ಕೆ ಜೇಬಿಗೆ ಹೋಯಿತು. ಜೇಬು ಖಾಲಿ. ಎದ್ದು ನೀರು ಕುಡಿದೆ. ಕಿಟಕಿ ಹತ್ತಿರ ನಿಂತು ನಿಧಾನವಾಗಿ ಉಸಿರು ಎಳೆದು ಬಿಟ್ಟೆ. ಅಷ್ಟರಲ್ಲಿ ಕರೆಂಟ್ ಬಿಲ್ ಕಟ್ಟುವುದು ನೆನಪಾಗಿ ಅದರಲ್ಲಿ ಮುಳುಗಿದೆ. ಮತ್ತೆ ಸ್ಟಾಪ್‌ವಾಚ್ ನೋಡಿದಾಗ 6 ನಿಮಿಷ ದಾಟಿತ್ತು. ಆಸೆ ಯಾವಾಗ ಇಳಿಯಿತೋ ಗೊತ್ತೇ ಆಗಿರಲಿಲ್ಲ.

ಸೇದದಿದ್ದರೆ ಆ ಒದ್ದಾಟ ಏರುತ್ತಲೇ ಹೋಗುತ್ತದೆ ಅಂತ ಇಷ್ಟು ವರ್ಷ ನಂಬಿದ್ದೆ. ಹಾಗಲ್ಲ. ಸೇದಿದರೂ ಸೇದದಿದ್ದರೂ ಅದು ಕೆಲವೇ ನಿಮಿಷದಲ್ಲಿ ತಾನೇ ಇಳಿಯುತ್ತದೆ. ಇದನ್ನು ಓದಿ ತಿಳಿಯುವುದು ಬೇರೆ, ಸ್ವಂತ ಕಣ್ಣಲ್ಲಿ ನೋಡುವುದು ಬೇರೆ. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದಿಟ್ಟೆ: ಎಲ್ಲಿದ್ದೆ, ಎಷ್ಟು ಹೊತ್ತು ಹಿಡಿಯಿತು. ಮೊದಲ ದಿನ 19 ಸಲ. ಮೂರನೇ ವಾರ ದಿನಕ್ಕೆ 5. ಮನಸ್ಸು ಕುಗ್ಗಿದಾಗ ಆ ಪುಟಗಳೇ ನನಗೆ ಧೈರ್ಯ ಕೊಟ್ಟವು.

ಮೊದಲ ಮೂರು ದಿನ ಮಾತ್ರ ಬಲು ಕಷ್ಟ. ಮನೆಯವರ ಮೇಲೆ ಸುಮ್ನೆ ಸಿಡುಕಿದೆ. ಮೊದಲೇ ಹೇಳಿಟ್ಟಿದ್ದರಿಂದ ಅವರು ಸಹಿಸಿಕೊಂಡರು.

ಕಾಫಿ ವಿಷಯ ಯಾರೂ ನನಗೆ ಮುಂಚೆ ಹೇಳಿರಲಿಲ್ಲ. ಬಿಟ್ಟ ವಾರದಲ್ಲಿ ಕೈ ನಡುಕ, ರಾತ್ರಿ ನಿದ್ದೆ ಇಲ್ಲ. ಎಲ್ಲ ನಿಕೋಟಿನ್ ಇಲ್ಲದ್ದಕ್ಕೇ ಅಂದುಕೊಂಡಿದ್ದೆ. ಡಾಕ್ಟರ್ ಬಿಡಿಸಿ ಹೇಳಿದರು. ಸಿಗರೇಟಿನ ಹೊಗೆಯಿಂದ ಲಿವರ್ ಕೆಫೀನನ್ನು ಬೇಗ ಕರಗಿಸುತ್ತದಂತೆ. ಹೊಗೆ ನಿಂತರೆ ಅದೇ ಕಾಫಿಯ ಕೆಫೀನ್ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ಅವತ್ತಿನಿಂದ ಕಾಫಿ ಅರ್ಧಕ್ಕೆ ಇಳಿಸಿದೆ. ನಾಲ್ಕೇ ದಿನದಲ್ಲಿ ನಡುಕ ನಿಂತಿತು, ನಿದ್ದೆಯೂ ಬಂತು. ಬಿಡಲು ಹೊರಟವರು ದಯವಿಟ್ಟು ಇದನ್ನು ನೆನಪಿಡಿ.

ಸಿಗರೇಟಿನ ಬದಲು ಸ್ವಲ್ಪ ನಿಕೋಟಿನ್ ಕೊಡುವ ನಿಕೋಟಿನ್ ಗಮ್ ಕೂಡ ತೆಗೆದುಕೊಂಡೆ. ಎದ್ದ ಅರ್ಧ ಗಂಟೆಯೊಳಗೆ ಸೇದುವ ಅಭ್ಯಾಸ ಇದ್ದದ್ದರಿಂದ 4 ಮಿಲಿಗ್ರಾಂನದು ಕೊಟ್ಟರು. ಮೊದಲ ದಿನ ಸಾಮಾನ್ಯ ಚೂಯಿಂಗ್ ಗಮ್ ತರ ಜಗಿದುಬಿಟ್ಟೆ. ಬಿಕ್ಕಳಿಕೆ, ಗಂಟಲು ಉರಿ. ಅದನ್ನು ಹಾಗೆ ಜಗಿಯಬಾರದು. ನಾಲಿಗೆಗೆ ಚುರುಗುಟ್ಟುವವರೆಗೆ ನಿಧಾನವಾಗಿ ಜಗಿದು, ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಬೇಕು. ಆ ಚುರುಚುರು ಕಡಿಮೆಯಾದರೆ ಮತ್ತೆ ಎರಡು ಸಲ ಜಗಿಯುವುದು. ಅದಕ್ಕೆ 15 ನಿಮಿಷ ಮುಂಚೆ ಕಾಫಿ, ಜ್ಯೂಸ್ ಕುಡಿಯಬಾರದು, ಬಾಯಿ ನಿಕೋಟಿನನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ.

ಮೈಯ ಕಾಟ ಒಂದು ತಿಂಗಳಲ್ಲಿ ಮುಗಿಯಿತು. ಜಾಗಗಳ ಕಾಟ ಮುಗಿಯಲಿಲ್ಲ. ಐದನೇ ತಿಂಗಳು ಆಫೀಸಿನಲ್ಲಿ ಒಂದು ಮೀಟಿಂಗ್ ಜಗಳದಲ್ಲೇ ಮುಗಿಯಿತು. ಕಾಲು ತಾನಾಗಿ ಹಿಂದಿನ ಮೆಟ್ಟಿಲ ಕಡೆ ನಡೆಯಿತು. ಅಲ್ಲಿ ನಿಂತಿದ್ದವನ ಹತ್ತಿರ ಕೇಳಿ ಎರಡು ದಮ್ಮು ಎಳೆದೆ. ತಲೆ ಸುತ್ತಿತು. ಅದಕ್ಕಿಂತ ಜಾಸ್ತಿ ಮನಸ್ಸಿಗೆ ನೋವಾಯಿತು. ಹಿಂದಿನ ಸಲಗಳಲ್ಲಿ ಇಂಥ ಹೊತ್ತಲ್ಲೇ ‘ಹೇಗೂ ಹೋಯಿತಲ್ಲ’ ಅಂತ ಪ್ಯಾಕ್ ಕೊಂಡುಬಿಡುತ್ತಿದ್ದೆ. ಈ ಸಲ ಅರ್ಧಕ್ಕೇ ಆರಿಸಿ, ನೋಟ್‌ಬುಕ್ಕಿನಲ್ಲಿ ಬರೆದೆ: ಮೆಟ್ಟಿಲು, ಸಂಜೆ 4, ಸಿಟ್ಟು. ದಿನಗಳ ಎಣಿಕೆಯನ್ನು ಮತ್ತೆ ಒಂದರಿಂದ ಶುರು ಮಾಡಲಿಲ್ಲ. ಅಷ್ಟು ದಿನ ಬಿಟ್ಟಿದ್ದು ಸುಳ್ಳಾಗುವುದಿಲ್ಲವಲ್ಲ.

ಈಗ ಮೀಟಿಂಗ್ ಮುಗಿದರೆ ಮುಂಬಾಗಿಲಿನಿಂದ ಇಳಿದು, ಕಟ್ಟಡಕ್ಕೆ ಒಂದು ಸುತ್ತು ಹಾಕಿ ಬರುತ್ತೇನೆ. 6 ನಿಮಿಷ ಹಿಡಿಯುತ್ತದೆ.