250 ಕೋಟಿ ದಂಡ ಮತ್ತು ಒಂದು ಹಳೇ ಎಕ್ಸೆಲ್ ಫೈಲು

ನಮ್ಮದು ಇನ್ನೂರು ಜನರ ಸಾಫ್ಟ್‌ವೇರ್ ಕಂಪನಿ. ಅಲ್ಲಿ ಕಂಪ್ಲೈಯನ್ಸ್ ನೋಡಿಕೊಳ್ಳುವವನು ನಾನು. 2023ರಲ್ಲಿ ಡಿಪಿಡಿಪಿ ಕಾಯ್ದೆ, ಅಂದರೆ ಜನರ ಖಾಸಗಿ ಡೇಟಾ ಕಾಪಾಡುವ ಕಾನೂನು, ಬಂದಾಗ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. 2025ರ ನವೆಂಬರಿನಲ್ಲಿ ನಿಯಮಗಳು ಹೊರಬಿದ್ದ ಮೇಲೆ ಎಂ.ಡಿ. ಕರೆದು ಕೇಳಿದ್ದು ಒಂದೇ ಮಾತು: ‘ತಪ್ಪಾದ್ರೆ ಎಷ್ಟು ಬೀಳುತ್ತೆ?’

ಕಾಯ್ದೆಯ ಕೊನೆಯಲ್ಲಿರುವ ಪಟ್ಟಿ ತೋರಿಸಿದೆ. ಡೇಟಾಗೆ ತಕ್ಕ ಭದ್ರತೆ ಇಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ. ಸೋರಿಕೆಯಾದದ್ದನ್ನು ಈ ಕಾಯ್ದೆಯ ದೂರು ವಿಚಾರಿಸಿ ದಂಡ ಹಾಕುವ ಡೇಟಾ ಸಂರಕ್ಷಣಾ ಮಂಡಳಿಗೂ ಆ ಡೇಟಾದ ಜನರಿಗೂ ತಿಳಿಸದಿದ್ದರೆ 200 ಕೋಟಿವರೆಗೆ. ಮಕ್ಕಳ ಡೇಟಾ ವಿಷಯದಲ್ಲಿ ಎಡವಿದರೂ ಅಷ್ಟೇ. ನಮ್ಮ ವರ್ಷದ ವಹಿವಾಟೇ ಅಷ್ಟಿಲ್ಲ! ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಬಜೆಟ್ ಸಿಕ್ಕಿದ್ದು ಆ ಅಂಕಿಯಿಂದಲೇ, ಸುಳ್ಳು ಯಾಕೆ ಹೇಳಲಿ. ಆದರೆ ಕೆಲಸಕ್ಕೆ ಬಂದದ್ದು 33ನೇ ಸೆಕ್ಷನ್. ದಂಡ ಎಷ್ಟು ಅಂತ ತೀರ್ಮಾನಿಸುವ ಮುಂಚೆ ಮಂಡಳಿ ಏನೇನು ನೋಡಬೇಕು ಅನ್ನೋದು ಅಲ್ಲಿದೆ. ತಪ್ಪು ಎಷ್ಟು ದೊಡ್ಡದು, ಎಷ್ಟು ದಿನ ನಡೆಯಿತು, ಯಾವ ಥರದ ಡೇಟಾ, ಪದೇಪದೇ ಆಗಿದೆಯಾ, ಹಾನಿ ತಗ್ಗಿಸೋಕೆ ಏನು ಮಾಡಿದರು, ಎಷ್ಟು ಬೇಗ ಮಾಡಿದರು. ಅದನ್ನು ಪ್ರಿಂಟ್ ತೆಗೆದು ಮೇಜಿನೆದುರು ಅಂಟಿಸಿಕೊಂಡೆ. ನಾಳೆ ಯಾರಾದರೂ ಕೇಳಿದರೆ ಒಂದೊಂದಕ್ಕೂ ಯಾವ ಕಾಗದ ತೋರಿಸಲಿ? ಬಹುಪಾಲಿಗೆ ಏನೂ ಇರಲಿಲ್ಲ.

ಮೊದಲು ಶೇರ್ಡ್ ಡ್ರೈವ್ ಜಾಲಾಡಿದೆ. ‘ಹಳೇದು’ ಅನ್ನೋ ಫೋಲ್ಡರ್, ಅದರೊಳಗೆ ಇನ್ನೊಂದು ‘ಹಳೇದು’, ಅದರೊಳಗೆ ಒಂದು ಎಕ್ಸೆಲ್ ಫೈಲು. ಆರು ವರ್ಷದ ಹಿಂದೆ ಇಂಟರ್‌ವ್ಯೂಗೆ ಬಂದಿದ್ದವರ ಪಟ್ಟಿ. ಹೆಸರು, ಮೊಬೈಲು, ಪ್ಯಾನ್, ಆಧಾರ್, ಹಿಂದಿನ ಸಂಬಳ. ಅದರಲ್ಲಿ ಮುಕ್ಕಾಲು ಜನರಿಗೆ ನಾವು ಕೆಲಸವನ್ನೇ ಕೊಟ್ಟಿರಲಿಲ್ಲ. ಫೈಲು ಮಾಡಿದವರು ಕಂಪನಿ ಬಿಟ್ಟು ಹೋಗಿದ್ದರು. ಪಾಸ್‌ವರ್ಡೂ ಇಲ್ಲ, ಕಂಪನಿಯ ಯಾರು ಬೇಕಾದರೂ ತೆರೆಯಬಹುದಿತ್ತು.

ಎಚ್‌ಆರ್ ಮೇಡಂ ಹತ್ತಿರ ಹೋದೆ. ‘ಇರ್ಲಿ ಬಿಡಿ ಸರ್, ಯಾವತ್ತಾದ್ರೂ ಬೇಕಾಗಬಹುದು’ ಅಂದರು.

‘ಇಲ್ಲಿವರೆಗೆ ಎಷ್ಟು ಸಲ ತೆರೆದಿದ್ದೀರಿ, ಮೇಡಂ?’

ಅವರು ನಕ್ಕರು. ಅವತ್ತೇ ಅಳಿಸಿದೆವು. ಅಳಿಸಿದೆವು ಅಂತ ಅಂದುಕೊಂಡೆವು, ಅಷ್ಟೇ. ಬ್ಯಾಕಪ್‌ನಲ್ಲಿ ಒಂದು ಪ್ರತಿ, ಒಬ್ಬರ ಲ್ಯಾಪ್‌ಟಾಪಿನ ಡೌನ್‌ಲೋಡ್ಸ್‌ನಲ್ಲಿ ಇನ್ನೊಂದು, ಯಾರದೋ ಸೆಂಟ್ ಮೇಲ್‌ನಲ್ಲಿ ಮತ್ತೊಂದು. ಪೂರ್ತಿ ತೊಳೆದು ಮುಗಿಸೋಕೆ ಎರಡು ವಾರ ಹಿಡಿಯಿತು. ನಾಲ್ಕು ಲಕ್ಷದ ಸಾಫ್ಟ್‌ವೇರ್ ಕೊಳ್ಳೋದಕ್ಕಿಂತ ಈ ಗುಡಿಸೋ ಕೆಲಸದಿಂದಲೇ ನಮ್ಮ ಅಪಾಯ ಜಾಸ್ತಿ ಇಳಿಯಿತು ಅಂತ ನನ್ನ ಲೆಕ್ಕ. ಇಲ್ಲದ ಡೇಟಾ ಸೋರೋದು ಹೇಗೆ, ಅಲ್ವಾ?

ವೆಂಡರ್‌ಗಳ, ಅಂದರೆ ನಮ್ಮ ಪರವಾಗಿ ಡೇಟಾ ಇಟ್ಟುಕೊಂಡು ಕೆಲಸ ಮಾಡುವ ಹೊರಗಿನ ಕಂಪನಿಗಳ, ಕಥೆ ಚಿಕ್ಕದು. ‘ಜವಾಬ್ದಾರಿ ಅವರದ್ದು’ ಅಂತ ಕರಾರಿನಲ್ಲಿ ಬರೆಸಿಕೊಂಡು ನೆಮ್ಮದಿಯಾಗಿದ್ದೆವು. ಕಾಯ್ದೆ ಅದನ್ನು ಒಪ್ಪಲ್ಲ. ವೆಂಡರ್ ಕೈಯಲ್ಲಿದ್ದರೂ ಉತ್ತರ ಹೇಳಬೇಕಾದವರು ನಾವೇ.

ಅಷ್ಟರಲ್ಲಿ ಎಡವಟ್ಟಾಯಿತು. ಅಕೌಂಟ್ಸ್ ಹುಡುಗನೊಬ್ಬ ಅರವತ್ತು ಜನರ ಸಂಬಳದ ಶೀಟನ್ನು ಮೇಲ್ ಮಾಡುವಾಗ ವಿಳಾಸದ ಎರಡಕ್ಷರ ಟೈಪ್ ಮಾಡಿ, ತಾನಾಗಿ ಮೂಡಿದ ಹೆಸರನ್ನು ನೋಡದೆ ಎಂಟರ್ ಒತ್ತಿದ. ಹೋಗಿದ್ದು ಹೊರಗಿನವರೊಬ್ಬರಿಗೆ. ಹತ್ತು ನಿಮಿಷದಲ್ಲಿ ಬೆವರುತ್ತಾ ನನ್ನ ಹತ್ತಿರ ಬಂದ. ಬೈಯಲಿಲ್ಲ, ಬೈದಿದ್ದರೆ ಮುಂದಿನ ಸಲ ಬಚ್ಚಿಡುತ್ತಿದ್ದ. ಕೈತಪ್ಪಿ ಹೋದದ್ದೂ ಕಾಯ್ದೆಯ ಪ್ರಕಾರ ಸೋರಿಕೆಯೇ. ಈ ನಿಯಮಗಳು ನಿಜವಾಗಿ ಜಾರಿಗೆ ಬರೋದು 2027ರ ಮೇ ತಿಂಗಳಲ್ಲಿ. ಆದರೂ ಈಗಲೇ ಬಂದಿದೆ ಅಂದುಕೊಂಡು ಗಡಿಯಾರ ಹಚ್ಚಿದೆವು. ಮಂಡಳಿಗೆ ತಕ್ಷಣ ಸುದ್ದಿ ಮುಟ್ಟಿಸಿ, 72 ಗಂಟೆಯೊಳಗೆ ಪೂರ್ತಿ ವಿವರ ಕೊಡಬೇಕು. ಮೇಲ್ ಪಡೆದವರು ಅಳಿಸಿ, ಅಳಿಸಿದ್ದೇವೆ ಅಂತ ಬರೆದೂ ಕೊಟ್ಟರು. ಆದರೆ ಆ ಶೀಟನ್ನು ಮುಂಚೆ ಯಾರ್ಯಾರು ತೆರೆದಿದ್ದರು ಅಂತ ಹುಡುಕೋಕೇ ಎರಡು ದಿನ ಹೋಯಿತು. ಯಾರು ಯಾವಾಗ ಏನು ತೆರೆದರು ಅನ್ನೋ ದಾಖಲೆ, ಅಂದರೆ ಲಾಗ್, ಇಟ್ಟಿರಲಿಲ್ಲ. ಈಗ ನಿಯಮ ಹೇಳುವಂತೆ ಒಂದು ವರ್ಷದ ಲಾಗ್ ಇಡುತ್ತೇವೆ.

ಆ ಅರವತ್ತು ಜನರಿಗೆ ತಿಳಿಸುವ ಪತ್ರದ ಕರಡು ‘ಕೆಲವು ತಾಂತ್ರಿಕ ಕಾರಣಗಳಿಂದ’ ಅಂತ ಶುರುವಾಗಿತ್ತು. ಹೊಡೆದುಹಾಕಿ, ‘ನಿಮ್ಮ ಸಂಬಳದ ವಿವರ ತಪ್ಪು ವಿಳಾಸಕ್ಕೆ ಹೋಗಿದೆ’ ಅಂತ ಬರೆದೆ. ಸಂಜೆ ಅವರಲ್ಲೊಬ್ಬರು ಬಂದು ಕೇಳಿದರು: ‘ಸರ್, ದಂಡ ಹಾಕಿದ್ರೆ ಅದ್ರಲ್ಲಿ ನಮಗೆಷ್ಟು ಬರುತ್ತೆ?’

‘ಏನೂ ಇಲ್ಲ. ಅದು ಭಾರತದ ಸಂಚಿತ ನಿಧಿಗೆ, ಅಂದ್ರೆ ಸರ್ಕಾರದ ಖಜಾನೆಗೆ ಹೋಗುತ್ತೆ.’

‘ಮತ್ತೆ ನನ್ನ ಸಂಬಳ ನೋಡಿದವರು ಅದನ್ನ ಮರೀತಾರಾ?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.